ಮೊಮ್ಮಗನಿಗೆ ಗಾಳ ಕಲಿಸಿದ ಬೇಸಿಗೆ

ಉಪ್ಪುನೀರಿನಲ್ಲಿ ಗಾಳ ಹಾಕಲು ದೊಡ್ಡ ಸಲಕರಣೆಗಳೇನೂ ಬೇಡ. ಒಂದಿಷ್ಟು ನೈಲಾನ್ ದಾರ, ಚಿಕ್ಕ ಕೊಕ್ಕೆ, ಸೀಸದ ಗುಂಡು, ದಾರ ಸುತ್ತಿಡಲು ಒಂದು ಖಾಲಿ ಬಾಟಲಿ, ಮೀನು ಮಾರುಕಟ್ಟೆಯಿಂದ ತಂದ ಒಂದು ಹಿಡಿ ಸಿಗಡಿ ಇದ್ದರೆ ಸಾಕು. ಇಷ್ಟರ ಜೊತೆಗೆ ನಾನು ಒಂದು ಕತ್ತರಿಯನ್ನೂ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಅದು ಏಕೆಂದು ಮುಂದೆ ಹೇಳುತ್ತೇನೆ.

ನಮ್ಮದು ಕುಂದಾಪುರದ ಕಡೆ, ಹೊಳೆಬದಿಯ ಮನೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಸೇರಿ ಪಂಚಗಂಗಾವಳಿ ಎನಿಸಿಕೊಂಡು ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತವೆ. ಮಳೆಗಾಲದಲ್ಲಿ ಇಲ್ಲಿ ಕೆಂಪು ನೀರು ತುಂಬಿ ಹರಿಯುತ್ತದೆ. ಬೇಸಿಗೆಯಲ್ಲಿ ಹೊಳೆಯ ಸೆಳೆತ ಸೋತು, ಭರತದ ಹೊತ್ತಿಗೆ ಕಡಲ ನೀರೇ ಒಳಗೆ ಬರುತ್ತದೆ. ನೀರಿನ ಹಿಂದೆಯೇ ಮೀನೂ ಬರುತ್ತದೆ. ಇಳಿತದಲ್ಲಿ ಮರಳು ದಿಬ್ಬ ಎದ್ದಾಗ ಹೆಂಗಸರು ಬುಟ್ಟಿ ಹಿಡಿದು ಚಿಪ್ಪು ಹೆಕ್ಕಲು ಇಳಿಯುತ್ತಾರೆ.

ಇಂಥ ಊರಿನಲ್ಲಿದ್ದೂ ನಮ್ಮ ಮನೆಯವರು ಅರುವತ್ತು ವರ್ಷ ಹೊಳೆಗೆ ಬೆನ್ನು ಹಾಕಿ ಬದುಕಿದೆವು. 1963ರ ಬೇಸಿಗೆಯಲ್ಲಿ ನನ್ನ ತಮ್ಮ, ಹತ್ತು ವರ್ಷದವನು, ಗಾಳ ಹಾಕಲು ಹೋದ. ಕೊಕ್ಕೆ ನೀರಿನೊಳಗಿನ ಹಳೆಯ ಗೂಟಕ್ಕೆ ಸಿಕ್ಕಿಕೊಂಡಿತಂತೆ. ಬಿಡಿಸಲು ನೀರಿಗಿಳಿದ. ಇಳಿತದ ಹೊತ್ತು, ಸೆಳೆತ ಜೋರಿತ್ತು. ಅವನು ಮನೆಗೆ ಬರಲಿಲ್ಲ. ನಾನು ಆಗ ಅಜ್ಜಿಮನೆಯಲ್ಲಿದ್ದೆ. ಅಂದಿನಿಂದ ನಮ್ಮ ಅಮ್ಮ ಹೊಳೆ ಕಡೆಯ ಬಾಗಿಲು ತೆರೆಯಲಿಲ್ಲ. ನಾನು ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದೆ. ಲೆಡ್ಜರ್ ನೋಡುತ್ತಾ ತಲೆ ಹಣ್ಣಾಯಿತು. ನನ್ನ ಮಗಳೂ ಆ ಮುಚ್ಚಿದ ಬಾಗಿಲನ್ನು ನೋಡಿಯೇ ಬೆಳೆದವಳು.

ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ ರಜೆ ಸಿಕ್ಕಿದ್ದೇ ಬೆಂಗಳೂರಿನಿಂದ ಮೊಮ್ಮಗ ಬಂದ. ಏಳು ವರ್ಷ. ಬಂದ ಎರಡನೇ ದಿನವೇ ಆ ಬಾಗಿಲ ಚಿಲಕ ತೆಗೆದು ಕೇಳಿದ, “ಅಜ್ಜಯ್ಯ, ಇಲ್ಲಿ ಮೀನು ಹಿಡಿಬಹುದಾ?”

ಬೇಡ ಎಂದರೆ ಒಂದೇ ಮಾತಿಗೆ ಮುಗಿಯುತ್ತಿತ್ತು. ಆದರೆ ಬೇಡ ಎಂದ ಜಾಗಕ್ಕೇ ಮಕ್ಕಳು ಒಬ್ಬರೇ ಹೋಗುತ್ತಾರೆ. ಗೊತ್ತಿಲ್ಲದ ನೀರಿಗಿಂತ ಗೊತ್ತಿರುವ ನೀರು ವಾಸಿ ಎನಿಸಿತು. ಮಗಳಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಕಡೆಗೆ, “ಅಪ್ಪಯ್ಯ, ನಾನ್ ಬ್ಯಾಡ ಅಂಬುದಿಲ್ಲೆ. ಆರೆ ನಂಗೆ ಹೆದ್ರಿಕೆ” ಎಂದಳು. ನನಗೂ ಹೆದರಿಕೆ ಇತ್ತು. ಅದನ್ನು ಹೇಳಲಿಲ್ಲ.

ಮೊದಲ ವಾರ ಗಾಳ ಮುಟ್ಟಲಿಲ್ಲ. ದಡದಲ್ಲಿ ಕುಳಿತು ನೀರು ನೋಡುವುದೇ ಪಾಠ. ಹೊಳೆಗೆ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಭರತದ ವೇಳೆ ದಿನವೂ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. “ಇವತ್ತು 7 ಗಂಟೆಗೆ ತುಂಬಿದ್ರೆ ನಾಳೆ 7.50, ನಾಡಿದ್ದು 8.40” ಎಂದು ಹುಡುಗ ಬೆರಳು ಮಡಚಿ ಲೆಕ್ಕ ಹಾಕಿದ. ಚಂದ್ರನೂ ದಿನವೂ ಹೆಚ್ಚುಕಡಿಮೆ ಅಷ್ಟೇ ತಡವಾಗಿ ಹುಟ್ಟುತ್ತಾನೆಂದು ತೋರಿಸಿದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ, ಸೆಳೆತವೂ ಹೆಚ್ಚು. ಅಷ್ಟಮಿಯ ಹೊತ್ತಿಗೆ ನೀರು ಸಾಧು.

ಆಮೇಲೆ ಮೂರು ಕಾನೂನು ಮಾಡಿದೆವು. ಒಂದು, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕದೆ ಬಾಗಿಲು ದಾಟುವಂತಿಲ್ಲ. ಎರಡು, ಕೊಕ್ಕೆ ಸಿಕ್ಕಿಕೊಂಡರೆ ಕತ್ತರಿ. ದಾರ ಕತ್ತರಿಸಿ ಮನೆಗೆ ಬರುವುದು. ಒಂದು ಕೊಕ್ಕೆಯ ಬೆಲೆ ಎಷ್ಟು, ಹೇಳಿ? ಮೂರು, ನೀರಿಗೆ ಬಿದ್ದದ್ದು ನೀರಿನದು. ಚೆಂಡಾಗಲಿ, ಟೋಪಿಯಾಗಲಿ, ಹಿಂದೆ ಹೋಗುವಂತಿಲ್ಲ. ಅಳಿವೆಯ ಬಾಯಿಗಾಗಲಿ, ಕಡಲಿಗೆ ಚಾಚಿದ ಕಲ್ಲಿನ ತಡೆಗೋಡೆಯ ಮೇಲಾಗಲಿ ನಾವು ಹೋಗಲಿಲ್ಲ. ಮನೆಯ ಹಿಂದಿನ ಕಲ್ಲುಕಟ್ಟೆಯೇ ನಮ್ಮ ಜಾಗ.

ಗಾಳ ಹಾಕುವ ಮಕ್ಕಳಿಗೆ ಒಂದೆರಡು ಮಾತು. ನೀರು ಏರುವಾಗ ಹಾಕಿ. ದಾರವನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ, ತೋರುಬೆರಳ ಮೇಲೆ ಹಾಯಿಸಿಕೊಳ್ಳಿ. ಮೀನು ಕಚ್ಚಿದರೆ ಬೆರಳಿಗೇ ತಿಳಿಯುತ್ತದೆ. ಮೀಸೆಯಿರುವ ಮೀನು ಸಿಕ್ಕಿದರೆ ದೊಡ್ಡವರನ್ನು ಕರೆಯಿರಿ. ಅದರ ಬೆನ್ನಿನ ಮತ್ತು ಪಕ್ಕದ ಮುಳ್ಳು ಚುಚ್ಚಿದರೆ ವಿಪರೀತ ಉರಿ. ಚುಚ್ಚಿದ ಜಾಗವನ್ನು ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿಟ್ಟುಕೊಂಡು ವೈದ್ಯರ ಬಳಿ ಹೋಗಬೇಕು. ನಮ್ಮ ಹುಡುಗನಿಗೆ ಮೊದಲು ಸಿಕ್ಕಿದ್ದು ಹೊಟ್ಟೆ ಉಬ್ಬಿಸಿಕೊಂಡು ಚೆಂಡಿನಂತಾಗುವ ಮೀನು. ಅದರ ಮುಖ ನೋಡಿ ಬಿದ್ದು ಬಿದ್ದು ನಕ್ಕ. ನಗಬಹುದು, ತಿನ್ನಬಾರದು. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ. ದಾರ ಕತ್ತರಿಸಿ ಬಿಟ್ಟೆವು.

ಕಾಣೆ ಮೀನು ಸಿಕ್ಕಿದ್ದು ಹತ್ತು ದಿನದ ಮೇಲೆ. ಬಲೆ ಬಂದರೆ ಮರಳಿನಲ್ಲಿ ಹೂತುಕೊಳ್ಳುವ ಜಾಣ ಮೀನು ಅದು. ಹುಡುಗ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಭರತದ ವೇಳೆ, ಸಿಕ್ಕಿದ ಮೀನು ಎಲ್ಲ ಬರೆದಿಟ್ಟ. ಗೇಣಿಗಿಂತ ಚಿಕ್ಕವನ್ನು ನೀರಿಗೆ ಬಿಟ್ಟು, ಅದನ್ನು ‘ಡೆಪಾಸಿಟ್’ ಎಂದು ಬೇರೆ ಕಾಲಮ್ಮಿಗೆ ಹಾಕಿದ. ಬ್ಯಾಂಕಿನವನ ಮೊಮ್ಮಗನಲ್ಲವೇ!

ಮೇ ತಿಂಗಳ ಅಮಾವಾಸ್ಯೆಯ ಮಾರನೇ ದಿನ. ಇಳಿತ ಶುರುವಾಗಿತ್ತು, ನಾವು ದಾರ ಸುತ್ತುತ್ತಿದ್ದೆವು. ಹುಡುಗ ಏಳುವಾಗ ಕಟ್ಟೆಯ ಅಂಚಿನಲ್ಲಿದ್ದ ಅವನ ಎಡಗಾಲಿನ ಹೊಸ ಚಪ್ಪಲಿ ನೀರಿಗೆ ಬಿತ್ತು. ಕೈಚಾಚಿದರೆ ಸಿಗುವಷ್ಟು ಹತ್ತಿರ. ನನ್ನ ಮಂಡಿಗಳು ಈಗ ಒಮ್ಮೆಗೇ ಏಳಲು ಬಿಡುವುದಿಲ್ಲ. ಹುಡುಗನ ಒಂದು ಕಾಲು ಮುಂದೆ ಹೋಯಿತು. ನನ್ನ ಬಾಯಿಂದ ಸ್ವರವೇ ಹೊರಡಲಿಲ್ಲ.

ಅವನು ನಿಂತ. ಕಾಲು ಹಿಂದಕ್ಕೆಳೆದು ಕಟ್ಟೆಯ ಮೇಲೆ ದೊಪ್ಪನೆ ಕುಳಿತುಬಿಟ್ಟ. ತುಟಿ ಅದುರುತ್ತಿತ್ತು. “ನೀರಿಗೆ ಬಿದ್ದದ್ದು ನೀರಿನದು, ಅಲ್ವಾ ಅಜ್ಜಯ್ಯ?” ಎಂದ. ಚಪ್ಪಲಿ ತೇಲುತ್ತ, ತಿರುಗುತ್ತ, ಕಟ್ಟಿಹಾಕಿದ್ದ ದೋಣಿಗಳನ್ನು ದಾಟಿ, ನಾವು ನೋಡನೋಡುತ್ತಿದ್ದಂತೆ ಅಳಿವೆಯ ಕಡೆ ಹೋಯಿತು. ಅದು ಹೋದ ವೇಗವನ್ನು ಅವನೂ ನೋಡಿದ, ನಾನೂ ನೋಡಿದೆ. ಇಬ್ಬರೂ ಏನೂ ಮಾತಾಡಲಿಲ್ಲ. ಮನೆಗೆ ಹೋಗುವಾಗ ಅವನ ಕಾಲಿಗೆ ನನ್ನ ಚಪ್ಪಲಿ ಹಾಕಿದೆ. ನಾನು ಬರಿಗಾಲಿನಲ್ಲಿ ನಡೆದೆ.

ಆ ರಾತ್ರಿ ಅವನಿಗೆ ನನ್ನ ತಮ್ಮನ ಕಥೆ ಹೇಳಿದೆ. ಅಲ್ಲಿಯವರೆಗೆ ಹೇಳಿರಲಿಲ್ಲ. ಹೆದರಿಸಿ ಕಲಿಸುವುದು ನನಗೆ ಬೇಕಿರಲಿಲ್ಲ. ಕಲಿತ ಮೇಲೆ ಹೇಳಬಹುದು ಎನಿಸಿತು. ಅವನು ಕೇಳಿದ್ದು ಒಂದೇ ಪ್ರಶ್ನೆ: “ಅವರ ಹತ್ರ ಕತ್ತರಿ ಇರ್ಲಿಲ್ವಾ?”

ರಜೆ ಮುಗಿಯುವಾಗ ಕರೆದೊಯ್ಯಲು ಮಗಳು ಬಂದಳು. ಚಪ್ಪಲಿಯ ವಿಷಯವನ್ನು ಅವನೇ ಹೇಳಿದ. ಅವಳು ಬೈಯಲಿಲ್ಲ. ಸಂಜೆ ಮಗನ ಕೈಹಿಡಿದು ಕಟ್ಟೆಯವರೆಗೆ ಹೋಗಿ, ತುಂಬ ಹೊತ್ತು ಕುಳಿತು ಬಂದಳು. ಜೂನ್‌ನಲ್ಲಿ ಬೆಂಗಳೂರಿನಿಂದ ಫೋನ್ ಬಂತು. ಮಗನನ್ನು ಈಜಿನ ತರಗತಿಗೆ ಸೇರಿಸಿದ್ದಳು. “ನಾನೂ ಸೇರಿದೆ ಅಪ್ಪಯ್ಯ” ಎಂದು ಮೆಲ್ಲಗೆ ಹೇಳಿದಳು. ಅವಳಿಗೆ ಆಗ ನಲವತ್ತೊಂದು ವರ್ಷ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿಗೂ ಮರಿ ಮಾಡಲು ಬಿಡುವು ಬೇಕಲ್ಲ. ನಮ್ಮ ಗಾಳಕ್ಕೂ ಆಗ ರಜೆ. ಹುಡುಗ ಬಿಟ್ಟುಹೋದ ನೋಟ್‌ಬುಕ್ಕು ನನ್ನ ಮೇಜಿನ ಮೇಲಿದೆ. ಕೊನೆಯ ಸಾಲು ಹೀಗಿದೆ: “ಕಾಣೆ 2. ಡೆಪಾಸಿಟ್ 5. ಚಪ್ಪಲಿ 1, ವಾಪಸ್ ಬರಲ್ಲ.”