ಇದ್ದಿಲಿನ ಲೆಕ್ಕ

6 ಜನವರಿ 2025, ಸೋಮವಾರ, ಶಿವಮೊಗ್ಗ

ಕಾದಂಬರಿಕಾರ ನಾ. ಡಿಸೋಜ ಹೋಗಿಬಿಟ್ಟರು. ನಿನ್ನೆ ರಾತ್ರಿಯೇ ಸುದ್ದಿ ಬಂದಿತ್ತು. ಎಂಬತ್ತೇಳು ವರ್ಷ ತುಂಬು ಬಾಳೇ, ಆದರೂ ಸಾಗರದ ಕಡೆ ಹೋದಾಗಲೆಲ್ಲ ‘ಅವರಿದ್ದಾರೆ’ ಎಂಬ ಒಂದು ಧೈರ್ಯ ಇರುತ್ತಿತ್ತು. ಸ್ಟಾಫ್ ರೂಮಿನಲ್ಲಿ ದಿನವಿಡೀ ಅವರದೇ ಮಾತು. ಎಲ್ಲರಿಗೂ ‘ದ್ವೀಪ’ ಸಿನಿಮಾ ನೆನಪಿದೆ, ಕಾಸರವಳ್ಳಿ, ಸೌಂದರ್ಯ, ಸ್ವರ್ಣಕಮಲ ಎಲ್ಲ ನೆನಪಿದೆ. ಅವರ ಮೂಲ ಕಾದಂಬರಿ ಓದಿದವರು ಕಡಿಮೆ.

ಈ ತಿಂಗಳು ಕೊನೇ ವರ್ಷದ ಮಕ್ಕಳಿಗೆ ‘ಕಾದಂಬರಿಯಲ್ಲಿ ಕಲ್ಪಿತ ರಾಜ್ಯಗಳು’ ಎಂದು ನಾಲ್ಕು ತರಗತಿ ತೆಗೆದುಕೊಳ್ಳಬೇಕು. ಥಾಮಸ್ ಮೋರ್, ಹಕ್ಸ್‌ಲಿ, ಆರ್ವೆಲ್ ಎಂದು ಟಿಪ್ಪಣಿ ಸಿದ್ಧವಾಗಿತ್ತು. ಇವತ್ತು ‘ದ್ವೀಪ’ವನ್ನೂ ಸೇರಿಸಿದೆ. ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ: “ಅದು ವಾಸ್ತವವಾದಿ ಕಾದಂಬರಿ. ಡಿಸ್ಟೋಪಿಯಾ ಅಂದ್ರೆ ಮುಂದೆ ಬರಬಹುದಾದ ಕೆಟ್ಟ ಕಾಲ.” ಮುಂದೆ ಬರಬಹುದಾದ್ದು ಶರಾವತಿ ಕಣಿವೆಗೆ 1964ರಲ್ಲೇ ಅಣೆಕಟ್ಟಿನ ನೀರಾಗಿ ಬಂದಾಗಿದೆಯಲ್ಲ, ಎಂದೆ. ಅವರು ನಕ್ಕು ಸುಮ್ಮನಾದರು. ನಾನು ನಗುವುದಕ್ಕೆ ಹೇಳಿದ್ದಲ್ಲ.

ರಾತ್ರಿ ಮೋರ್‌ನನ್ನು ಮತ್ತೆ ತಿರುವಿದೆ. 1516ರ ಪುಸ್ತಕ, ‘ಯುಟೋಪಿಯಾ’. ಅವನ ಆದರ್ಶ ನಾಡು ಮೊದಲು ದ್ವೀಪವಾಗಿರಲಿಲ್ಲ, ನೆಲಕ್ಕೆ ಅಂಟಿಕೊಂಡೇ ಇತ್ತು. ಅದನ್ನು ಗೆದ್ದ ರಾಜ ಯುಟೋಪಸ್ ಹದಿನೈದು ಮೈಲಿ ಅಗೆಸಿ, ಸಮುದ್ರವನ್ನು ಒಳಗೆ ಬಿಟ್ಟು, ನಾಡನ್ನು ದ್ವೀಪ ಮಾಡಿದ. ಇದನ್ನು ಹಿಂದೆ ಓದಿದಾಗ ಕಣ್ಣು ಜಾರಿಸಿಕೊಂಡು ಹೋಗಿದ್ದೆ. ಇವತ್ತು ಅಲ್ಲೇ ನಿಂತೆ. ನೀರು ಬಿಟ್ಟು ಮಾಡಿದ ದ್ವೀಪಗಳು ನಮ್ಮ ಜಿಲ್ಲೆಯಲ್ಲೂ ಇವೆ. ಹಿನ್ನೀರಿನಾಚೆಯ ತುಮರಿಯ ಕಡೆಯವರು ದಶಕಗಳ ಕಾಲ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದವರು. ಮೋರ್‌ನ ದ್ವೀಪದ ಒಳಗೆ ಸುಖವಿತ್ತು. ನಮ್ಮಲ್ಲಿ ಸುಖ ದಡದಾಚೆಗೆ ಹೋಯಿತು.

9 ಜನವರಿ, ಗುರುವಾರ

ಮೊದಲ ತರಗತಿ. ‘1984’ರ ಬಗ್ಗೆ ಮಾತಾಡಿದೆ. ಮಕ್ಕಳಿಗೆ ಹಿಡಿಸಿತು. ಗೋಡೆಯಲ್ಲಿ ಕಣ್ಣು, ಮೊಬೈಲಿನಲ್ಲಿ ಕಿವಿ ಎಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ವಿನ್‌ಸ್ಟನ್ ಸ್ಮಿತ್‌ನ ಕೆಲಸ ಹಳೆಯ ಪತ್ರಿಕೆಗಳನ್ನು ತಿದ್ದುವುದು. ಎಲ್ಲರನ್ನೂ ನೋಡುವ, ಎಲ್ಲವನ್ನೂ ಬರೆದಿಡುವ ಸರ್ಕಾರದ ಭಯವನ್ನು ಆರ್ವೆಲ್‌ನಷ್ಟು ಚೆನ್ನಾಗಿ ಬರೆದವರಿಲ್ಲ.

ಆದರೆ ಪಾಠ ಮಾಡುತ್ತಿರುವಾಗಲೇ ಒಂದು ಅಸಮಾಧಾನ ಎದ್ದಿತು. ಶರಾವತಿ ಮುಳುಗಡೆಯವರ ಸಂಕಟಕ್ಕೆ ಈ ಪುಸ್ತಕ ಸಾಲದು. ಅವರನ್ನು ಲಾರಿಗಳಲ್ಲಿ ತುಂಬಿ ತಂದು ಕಾಡಿನ ನಡುವೆ ಇಳಿಸಿದರು. ಕಡಿದುಕೊಳ್ಳಿ, ಉತ್ತುಕೊಳ್ಳಿ ಎಂದರು. ಅವರು ಹಾಗೆಯೇ ಮಾಡಿದರು. ಆ ನೆಲ ಮಾತ್ರ ದಾಖಲೆಯಲ್ಲಿ ಕಾಡಾಗಿಯೇ ಉಳಿಯಿತು. ಮೊಮ್ಮಕ್ಕಳ ಕಾಲ ಬಂದರೂ ಎಷ್ಟೋ ಮನೆಗಳಿಗೆ ಹಕ್ಕುಪತ್ರ ಬಂದಿಲ್ಲ. ಚುನಾವಣೆ ಬಂದಾಗಲೆಲ್ಲ ‘ಮುಳುಗಡೆ ಸಂತ್ರಸ್ತರು’ ಎಂಬ ಮಾತು ವೇದಿಕೆ ಹತ್ತುತ್ತದೆ, ಇಳಿಯುತ್ತದೆ. ಕೊಟ್ಟ ಅರ್ಜಿಯನ್ನು ಯಾರೂ ಓದದಿದ್ದಾಗ ಹುಟ್ಟುವ ಭಯವೇ ಬೇರೆ. ಅದರ ಬಗ್ಗೆ ಬ್ರಿಟನ್ನಿನಲ್ಲಿ ಕೂತು ಬರೆಯುವವರಿಗೆ ಹೊಳೆಯುವುದು ಕಷ್ಟ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಅಣೆಕಟ್ಟಿನ ಕೆಲಸವನ್ನು ಹತ್ತಿರದಿಂದ ಕಂಡ ಡಿಸೋಜರಿಗೆ ಹೊಳೆಯಿತು. ‘ದ್ವೀಪ’ದಲ್ಲಿ ಪೊಲೀಸ್ ಇಲ್ಲ, ಸರ್ವಾಧಿಕಾರಿ ಇಲ್ಲ, ಹಿಂಸೆಯ ಕೋಣೆ ಇಲ್ಲ. ಗುಡ್ಡದ ಮೇಲೆ ಉಳಿದ ಒಂದು ಮನೆ, ದಿನದಿನಕ್ಕೆ ಏರುವ ನೀರು. ಆ ಮನೆಯವರನ್ನು ಅಲ್ಲಿ ಉಳಿಸಬೇಕೆಂದು ಯಾರೂ ಹಟ ತೊಟ್ಟಿಲ್ಲ. ಅವರು ಉಳಿದಿದ್ದಾರೆಂಬುದು ಯಾರ ಗಮನಕ್ಕೂ ಬಂದಿಲ್ಲ, ಅಷ್ಟೇ. ಇದಕ್ಕಿಂತ ಭೀಕರವಾದದ್ದನ್ನು ನಾನು ಓದಿಲ್ಲ.

12 ಜನವರಿ, ಭಾನುವಾರ, ಭದ್ರಾವತಿ

ಅಪ್ಪನ ಹತ್ತಿರ ಬಂದಿದ್ದೇನೆ. ಬಿ.ಎಚ್. ರಸ್ತೆಯುದ್ದಕ್ಕೂ ಸಂಕ್ರಾಂತಿಯ ಕಬ್ಬು.

ಅಪ್ಪನಿಗೆ ಈ ಊರೇ ಯುಟೋಪಿಯಾ, ಆ ಹೆಸರು ಅವರಿಗೆ ಬೇಕಿಲ್ಲ. ಕಡೂರಿನ ಕಡೆಯ ಒಣಭೂಮಿಯಿಂದ ಅಜ್ಜ ಇಲ್ಲಿಗೆ ಬಂದದ್ದು ಕಬ್ಬಿಣದ ಕಾರ್ಖಾನೆಯ ಕೂಲಿಗೆ. ಬೆಂಕಿಪುರ ಎಂಬ ಹಳ್ಳಿ ಭದ್ರಾವತಿಯಾಗಿ, 1923ರ ಜನವರಿಯಲ್ಲಿ ಕುಲುಮೆ ಹೊತ್ತಿದ ಕಥೆಯನ್ನು ಅಪ್ಪ ಪುರಾಣದಂತೆ ಹೇಳುತ್ತಾರೆ. ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ಎಲ್ಲರೂ ಈ ಕಾರ್ಖಾನೆಯನ್ನು ಬಿಳಿ ಆನೆ ಎಂದರು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಆರು ವರ್ಷ ನಿಂತು ನಷ್ಟ ತಗ್ಗಿಸಿದರು. ಇಂಡಿಯಾಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಅವರು 1934ರಲ್ಲಿ ಪುಸ್ತಕ ಬರೆಯುವ ಹೊತ್ತಿಗೆ ಅದರ ಒಂದು ಅಧ್ಯಾಯ ಇಲ್ಲಿ ಇಟ್ಟಿಗೆಯಲ್ಲಿ ಕಟ್ಟಿಯಾಗಿತ್ತು: ಕ್ವಾರ್ಟರ್ಸು, ನಲ್ಲಿ, ಶಾಲೆ, ಆಸ್ಪತ್ರೆ, ಸೈರನ್ನಿಗೆ ಸರಿಯಾಗಿ ಏಳುವ ಮಲಗುವ ಊರು. ಆಮೇಲೆ ಕಾಗದ ಕಾರ್ಖಾನೆ ಬಂತು, ಸಿಮೆಂಟು ಬಂತು. “ನಮ್ಮ ಬೀದೀಲಿ ತಮಿಳು, ತೆಲುಗು, ಉರ್ದು, ಮಲಯಾಳ ಎಲ್ಲಾ ಕೇಳ್ತಿತ್ತು. ಯಾವ ಜಾತಿ ಅಂತ ಕೇಳೋ ಮೊದಲು ಯಾವ ಶಿಫ್ಟು ಅಂತ ಕೇಳ್ತಿದ್ರು” ಎಂದರು ಅಪ್ಪ. ಇದು ಪೂರ್ತಿ ನಿಜವಲ್ಲದಿರಬಹುದು, ಆದರೆ ನಾನು ಬೆಳೆದ ಬೀದಿಯ ಮಟ್ಟಿಗೆ ಸುಳ್ಳಂತೂ ಅಲ್ಲ.

ಮಧ್ಯಾಹ್ನ ಊಟವಾದ ಮೇಲೆ ಕುಲುಮೆಗೆ ಏನು ಉರಿಸುತ್ತಿದ್ದರು ಎಂದು ಕೇಳಿದೆ. ಅದಿರು ಕೆಮ್ಮಣ್ಣುಗುಂಡಿಯದು ಎಂದು ಗೊತ್ತಿತ್ತು. ಹತ್ತಿರದಲ್ಲಿ ಕಲ್ಲಿದ್ದಲಿಲ್ಲ. ಹಾಗಾಗಿ ಮರದ ಇದ್ದಿಲು. ಮರವನ್ನು ಬಟ್ಟಿ ಇಳಿಸುವ ದೊಡ್ಡ ಘಟಕವೇ ಇಲ್ಲಿತ್ತು. ಕಬ್ಬಿಣಕ್ಕೆ ಇದ್ದಿಲು, ಜೊತೆಗೆ ಟಾರು, ಮದ್ಯಸಾರ. ಅಜ್ಜ ಇದ್ದದ್ದು ಸೌದೆಯ ವಿಭಾಗದಲ್ಲಿ. ಅವರ ಕೈಬೆರಳ ಗೆರೆಗಳಲ್ಲಿ ಕಪ್ಪು ಕೂತಿತ್ತಂತೆ, ಸೀಗೆಪುಡಿ ಹಾಕಿ ಉಜ್ಜಿದರೂ ಬಿಡುತ್ತಿರಲಿಲ್ಲ, ಅನ್ನ ಕಲಸಿದರೆ ತಟ್ಟೆಯ ಅಂಚಿಗೆ ಬೆರಳ ಗುರುತು ಬೀಳುತ್ತಿತ್ತು. ಅಜ್ಜಿ ಆ ತಟ್ಟೆಯನ್ನು ಬೇರೆ ಇಡುತ್ತಿದ್ದಳು. ಇದನ್ನು ಅಪ್ಪ ಹೆಮ್ಮೆಯಿಂದಲೇ ಹೇಳಿದರು.

ನಾನು ಮಲೆನಾಡಿನ ಮರಗಳ ಬಗ್ಗೆ ಕೇಳಿದೆ. ಆ ಕಾಡಿನಲ್ಲಿ ಇದ್ದವರ ಬಗ್ಗೆ, ಕಡಿಯಲು ಹೋಗಿ ಮಲೇರಿಯಾ ಹಿಡಿದು ಮಲಗಿದವರ ಬಗ್ಗೆ. ಅಪ್ಪ ಸುಮಾರು ಹೊತ್ತು ಸುಮ್ಮನಿದ್ದು, “ಆಗ ಕಾಡು ಮುಗಿಯುತ್ತೆ ಅಂತ ಯಾರಿಗೂ ಅನ್ನಿಸಿರಲಿಲ್ಲ” ಎಂದರು. ಅಪ್ಪನ ಮೇಲೆ ನನಗೆ ಕೋಪವಿಲ್ಲ. ನನ್ನ ಓದು, ನನ್ನ ಸಂಬಳ ಎಲ್ಲವೂ ಆ ಇದ್ದಿಲಿನಿಂದ ಬಂದದ್ದು. ಕಾಗದ ಕಾರ್ಖಾನೆಗೆ ಬೇಕೆಂದು ಮಲೆನಾಡಿನ ಬೋಳುಗುಡ್ಡಗಳ ಮೇಲೆ ನೀಲಗಿರಿ, ಅಕೇಶಿಯಾ ಸಾಲು ನೆಟ್ಟರು. ನಾನು ಓದಿದ ಎಷ್ಟೋ ಪತ್ರಿಕೆಗಳು ಆ ಕಾಗದದ ಮೇಲೆ ಅಚ್ಚಾದವು.

ಸಂಜೆ ಕಾಗದ ಕಾರ್ಖಾನೆಯ ಕಡೆ ನಡೆದೆವು. ಹತ್ತು ವರ್ಷವಾಗುತ್ತಾ ಬಂತು ನಿಂತು. ನನ್ನ ಬಾಲ್ಯಕ್ಕೆಲ್ಲ ಅಂಟಿಕೊಂಡಿದ್ದ ಆ ಗಂಧಕದ ನಾತ ಈಗಿಲ್ಲ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಆಮೇಲೆ ಸ್ವಲ್ಪ ಕೆಲಸ ಮತ್ತೆ ಶುರುವಾಯಿತು. ಇಲ್ಲಿಯ ಯುವಕರಿಗೆ ‘ಡಿಸ್ಟೋಪಿಯಾ’ ಎಂದು ಪಾಠ ಮಾಡಬೇಕಾಗಿಲ್ಲ, ಖಾಲಿ ಕ್ವಾರ್ಟರ್ಸುಗಳ ನಡುವೆ ಕ್ರಿಕೆಟ್ ಆಡಿಕೊಂಡೇ ಬೆಳೆದಿದ್ದಾರೆ. ಆದರೂ ಕಾರ್ಖಾನೆ ಉಳಿಯಲಿ ಎಂಬುದೇ ನನ್ನ ಆಸೆ. ಮುಚ್ಚಿದ್ದರಿಂದ ಕಡಿದ ಕಾಡೇನೂ ಮರಳಿ ಬರುವುದಿಲ್ಲ.

14 ಜನವರಿ, ಸಂಕ್ರಾಂತಿ

ಎಳ್ಳು ಬೀರಿ ಬಂದು ಸುಸ್ತು. ಉರ್ಸುಲಾ ಲೆ ಗ್ವಿನ್ 1973ರಲ್ಲಿ ಬರೆದ ಒಮೆಲಾಸ್‌ನ ಕಥೆ ಓದಿದೆ. ಹಬ್ಬದಲ್ಲಿರುವ ಸುಂದರ ನಗರ, ಯಾರಿಗೂ ಕೊರತೆಯಿಲ್ಲ. ನೆಲಮಾಳಿಗೆಯ ಕಸದ ಕೋಣೆಯಲ್ಲಿ ಒಂದು ಮಗು ಮಾತ್ರ ಕೊಳೆಯುತ್ತಿದೆ. ಅದು ಅಲ್ಲಿರುವುದರಿಂದಲೇ ಊರಿಗೆ ಸುಖ, ಅದು ಎಲ್ಲರಿಗೂ ಗೊತ್ತು. ಕೆಲವರು ಮಾತ್ರ ನೋಡಲಾರದೆ ಊರು ಬಿಟ್ಟು ನಡೆದುಹೋಗುತ್ತಾರೆ. ಮೋರ್‌ನ ನಾಡಿನಲ್ಲೂ ಕಸಾಯಿ ಕೆಲಸಕ್ಕೆ ಗುಲಾಮರಿದ್ದಾರೆ, ಹಕ್ಸ್‌ಲಿಯ ಜಗತ್ತಿನಲ್ಲಿ ಕೀಳು ಕೆಲಸಕ್ಕೆಂದೇ ಸೀಸೆಯಲ್ಲಿ ಮನುಷ್ಯರನ್ನು ಬೆಳೆಸುತ್ತಾರೆ. ಜಾತಿಯ ನಾಡಿನವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಇನ್ನು ಮೇಲೆ ಯಾವ ಆದರ್ಶ ರಾಜ್ಯದ ಕಥೆ ಓದಿದರೂ ಅವರ ಇದ್ದಿಲು ಎಲ್ಲಿಂದ ಬರುತ್ತದೆ ಎಂದೇ ಮೊದಲು ಕೇಳುತ್ತೇನೆ.

ಆದರೆ ಲೆ ಗ್ವಿನ್ ಕಥೆಯ ಕೊನೆಯನ್ನು ಒಪ್ಪಲು ಮನಸ್ಸಾಗುತ್ತಿಲ್ಲ. ಬಿಟ್ಟುಹೋದವರಿಂದ ಆ ಮಗುವಿಗೇನು ಬಂತು?

18 ಜನವರಿ, ಶನಿವಾರ, ಶಿವಮೊಗ್ಗ

ಅನಂತಮೂರ್ತಿಯವರ ‘ಅವಸ್ಥೆ’ ಮತ್ತೆ ಓದುತ್ತಿದ್ದೇನೆ, 1978ರದು. ದನ ಕಾಯುತ್ತಿದ್ದ ಹುಡುಗ ಕೃಷ್ಣಪ್ಪ ಸಮಾಜವಾದಿ ನಾಯಕನಾಗಿ, ಈಗ ಪಾರ್ಶ್ವವಾಯು ಬಡಿದು ಹಾಸಿಗೆಯಲ್ಲಿದ್ದಾನೆ. ಅಂಥವನನ್ನು ಮುಖ್ಯಮಂತ್ರಿ ಮಾಡಲು ಸುತ್ತಲಿನವರು ಹೊರಟಿದ್ದಾರೆ. ಕೃಷ್ಣಪ್ಪನ ಹಿಂದೆ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ನೆರಳಿದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕನಸು ಅಧಿಕಾರದ ಹತ್ತಿರ ಬಂದಾಗ ಮೈಯೇ ಮರಗಟ್ಟುವುದನ್ನು ಅನಂತಮೂರ್ತಿ ಹೊರಗಿನಿಂದ ನೋಡುತ್ತಿಲ್ಲ, ಗೆಳೆಯನ ಹಾಸಿಗೆಯ ಪಕ್ಕ ಕೂತು ನೋಡುತ್ತಿದ್ದಾರೆ. ಸೋತ ಆದರ್ಶದ ಬಗ್ಗೆ ಕನ್ನಡದಲ್ಲಿ ಬಂದ ಅತ್ಯಂತ ಪ್ರಾಮಾಣಿಕ ಪುಸ್ತಕ ಇದೇ ಎಂದು ನನಗೆ ಅನಿಸುತ್ತದೆ. ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲೂ ಕೆಸರೂರು ಕೊನೆಗೆ ಬೆಂಕಿಗೆ ಸಿಗುತ್ತದೆ, ಆದರೆ ಅಲ್ಲಿ ತಮಾಷೆ ಜಾಸ್ತಿ, ದುಃಖ ತಡವಾಗಿ ತಟ್ಟುತ್ತದೆ.

ಗೋಪಾಲಗೌಡರೆಂದರೆ ಕಾಗೋಡು. ಒಮೆಲಾಸ್ ಬಗ್ಗೆ ಮೊನ್ನೆ ಎದ್ದ ತಕರಾರಿಗೆ ಉತ್ತರ ಅಲ್ಲೇ ಇದೆ. 1951ರಲ್ಲಿ ಆ ಊರಿನ ಗೇಣಿದಾರರ ಸತ್ಯಾಗ್ರಹ ಶುರುವಾದದ್ದು ಒಂದು ಕೊಳಗದಿಂದ. ಗೇಣಿದಾರರು ಬಹುಪಾಲು ದೀವರು. ಒಡೆಯರು ಗೇಣಿ ಅಳೆದುಕೊಳ್ಳುವ ಕೊಳಗ ದೊಡ್ಡದು. ಭತ್ತ ಬೆಳೆದವನ ಕಣ್ಣೆದುರೇ, ಅವನ ಕಣದಲ್ಲೇ, ಪ್ರತಿ ಕೊಳಗಕ್ಕೂ ಇಷ್ಟಿಷ್ಟು ಹೆಚ್ಚು ಹೋಗುತ್ತಿತ್ತು. ನಮ್ಮ ಸಂಬಂಧಿಕರ ಅಟ್ಟದಲ್ಲಿ ಒಂದು ಹಳೆಯ ಕೊಳಗ ಕಂಡಿದ್ದೇನೆ: ಬಾಯಿಗೆ ಕಬ್ಬಿಣದ ಪಟ್ಟಿ, ತಳ ಸವೆದು ನುಣುಪಾಗಿದೆ. ಎರಡು ಕೊಳಗಗಳನ್ನು ಬೇರೆಬೇರೆ ಇಟ್ಟರೆ ಯಾವುದು ದೊಡ್ಡದು ಎಂದು ಕಣ್ಣಿಗೆ ಹೊಳೆಯುವುದಿಲ್ಲ. ಅಕ್ಕಪಕ್ಕ ಇಟ್ಟು, ಒಂದರಿಂದ ಇನ್ನೊಂದಕ್ಕೆ ಸುರಿಯಬೇಕು.

ಗಣಪತಿಯಪ್ಪನವರ ರೈತ ಸಂಘ ಆ ಅಳತೆಯನ್ನು ಪ್ರಶ್ನಿಸಿತು. ಒಡೆಯರು ಗದ್ದೆ ಬಿಡಿಸಿದರು. ರೈತರು ಊರು ಬಿಟ್ಟು ಹೋಗಲಿಲ್ಲ. ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದು ಉತ್ತರು, ಉತ್ತದ್ದಕ್ಕೆ ಜೈಲಿಗೆ ಹೋದರು. ಗೋಪಾಲಗೌಡರ ಸಮಾಜವಾದಿ ಪಕ್ಷ ಜೊತೆಗೆ ನಿಂತಿತು, ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಯಾದಾಗ ಉಳುವವನಿಗೆ ನೆಲ ಸಿಕ್ಕಿತು. ಅಷ್ಟರಲ್ಲಿ ಗೋಪಾಲಗೌಡರು ತೀರಿಕೊಂಡು ಎರಡು ವರ್ಷವಾಗುತ್ತಾ ಬಂದಿತ್ತು.

ಕಾಗೋಡಿನವರು ಆದರ್ಶ ರಾಜ್ಯದ ನಕ್ಷೆ ಬರೆದವರಲ್ಲ. ಸರಿಯಾದ ಕೊಳಗ ಕೇಳಿದರು. ಕಾದಂಬರಿಕಾರರು ಇಂಥವರನ್ನು ಇನ್ನೂ ಸಾಕಷ್ಟು ಬರೆದಿಲ್ಲ ಎಂಬ ಕೊರಗು ನನಗಿದೆ. ಮಹಾಯೋಜಕನೂ ಸಿಗುತ್ತಾನೆ, ಬಲಿಪಶುವೂ ಸಿಗುತ್ತಾನೆ. ಅಳತೆಯನ್ನು ಪ್ರಶ್ನಿಸಿ ಗದ್ದೆಯಲ್ಲೇ ನಿಂತವನು ಯುಟೋಪಿಯಾದಲ್ಲೂ ಇಲ್ಲ, ಡಿಸ್ಟೋಪಿಯಾದಲ್ಲೂ ಇಲ್ಲ.

21 ಜನವರಿ, ಮಂಗಳವಾರ

ಕೊನೆಯ ತರಗತಿ. ‘ನೀವು ಬದುಕಲು ಬಯಸುವ ಊರು’ ಎಂದು ಒಂದೊಂದು ಪುಟ ಬರೆದು ತರಲು ಹೇಳಿದ್ದೆ. ನೀರು, ಕರೆಂಟು, ಅನ್ನ ಎಲ್ಲಿಂದ ಬರುತ್ತದೆ, ಚರಂಡಿ ತೊಳೆಯುವವರು ಯಾರು ಎಂಬುದನ್ನು ಬರೆಯಲೇಬೇಕು ಎಂಬುದೊಂದೇ ಷರತ್ತು. ಬಹಳಷ್ಟು ಜನ ಚರಂಡಿಯನ್ನು ಯಂತ್ರಕ್ಕೆ ಬಿಟ್ಟರು. ಒಬ್ಬ ಹುಡುಗ ಮಾತ್ರ ವಾರಕ್ಕೊಬ್ಬರಂತೆ ಎಲ್ಲರ ಸರದಿ ಹಾಕಿ, ಮೊದಲ ವಾರಕ್ಕೆ ತನ್ನ ಹೆಸರು, ಎರಡನೆಯದಕ್ಕೆ ನನ್ನ ಹೆಸರು ಬರೆದಿದ್ದ. ಓದಿ ಖುಷಿಯಾಯಿತು.

ತುಮರಿ ಕಡೆಯ ಹುಡುಗಿ ಊರನ್ನು ಬರೆದೇ ಇರಲಿಲ್ಲ. ಅಜ್ಜನ ಅರ್ಜಿಗಳ ಪಟ್ಟಿ ಬರೆದಿದ್ದಳು: ಯಾವ ವರ್ಷ ಯಾವ ಕಚೇರಿಗೆ, ಏನು ಉತ್ತರ. ಉತ್ತರದ ಕಾಲಂ ಬಹುತೇಕ ಖಾಲಿ. “ಇದು ಕಥೆ ಆಗುತ್ತಾ ಮೇಡಂ?” ಎಂದಳು. ಆಗುತ್ತದೆ, ಎಂದೆ. ಅರ್ಜಿಗಳ ಜೆರಾಕ್ಸ್ ಇಟ್ಟುಕೊಂಡಿದ್ದೀರಾ ಎಂದು ಕೇಳಿದ್ದಕ್ಕೆ ಕೆಲವು ಇವೆ ಎಂದಳು. ಭಾನುವಾರ ಅವಳ ಮನೆಯವರೊಂದಿಗೆ ಕೂತು ಅವನ್ನು ವರ್ಷವಾರು ಜೋಡಿಸುವುದೆಂದು ಮಾತಾಗಿದೆ. ಪರಿಚಯದ ವಕೀಲರೊಬ್ಬರನ್ನೂ ಬರಹೇಳಿದ್ದೇನೆ. ಲೈಬ್ರರಿಯಲ್ಲಿ ‘ದ್ವೀಪ’ ಒಂದೇ ಪ್ರತಿ ಇದೆ, ಅದನ್ನು ಅವಳ ಹೆಸರಿಗೆ ಬರೆಸಿ ಕೊಟ್ಟು ಕಳಿಸಿದೆ.