ಹಿಂದಕ್ಕೆ ಬಾರದ ಗಾಳ

ನಮ್ಮ ಮನೆಯ ಕಪಾಟಿನಲ್ಲಿ ಒಂದು ಹಳೆಯ ಡಬ್ಬಿ ಇದೆ. ಅದರೊಳಗೆ ಹತ್ತಿಯಲ್ಲಿ ಸುತ್ತಿಟ್ಟ ಗಾಳದ ಎರಡು ತುಂಡುಗಳು. ಮಕ್ಕಳು ಆಗಾಗ ಅದನ್ನು ತೆರೆದು 'ಚಿಕ್ಕಪ್ಪನ ಗಾಳ' ಎಂದು ನಗುತ್ತಾರೆ. ತಮ್ಮನೂ ನಗುತ್ತಾನೆ. ನನಗೆ ಮಾತ್ರ ಇಂದಿಗೂ ನಗು ಬರುವುದಿಲ್ಲ.

1996ರ ಡಿಸೆಂಬರ್ ಕೊನೆಯ ವಾರ. ಉಡುಪಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ಅದಾದದ್ದು ಮರುವರ್ಷ. ನಾನು ಕಾರ್ಕಳದಲ್ಲಿ ದ್ವಿತೀಯ ಪಿಯುಸಿ, ತಮ್ಮ ಆರನೇ ತರಗತಿ. ರಜೆಗೆ ಕಾಪುವಿನ ಅಜ್ಜಿಮನೆಗೆ ಹೊರಟಾಗ ಅಮ್ಮ ಹೇಳಿದ್ದು ಒಂದೇ ಮಾತು: "ನೀನು ಬೇಕಾದರೆ ಮಾವನ ಜೊತೆ ರಾತ್ರಿ ಗಾಳಕ್ಕೆ ಹೋಗು. ಸಣ್ಣವನನ್ನು ಬಂಡೆಗೆ ಕರೆದುಕೊಂಡು ಹೋಗಬೇಡ."

ಆದರೆ ಸಣ್ಣವನು ಬಿಡಬೇಕಲ್ಲ! ಎರಡು ದಿನ ನನ್ನ ಹಿಂದೆಯೇ ಸುತ್ತಿದ. ಮೂರನೆಯ ಸಂಜೆ ಮಾವ ಕೇಳಿದರು, "ಅಕ್ಕ ಒಪ್ಪಿದ್ದಾಳಾ?" ನಾನು ಕಣ್ಣು ಮಿಟುಕಿಸದೆ ಹೇಳಿದೆ, "ಒಪ್ಪಿದ್ದಾಳೆ." ಅಜ್ಜಿಮನೆಯಲ್ಲಿ ಫೋನಿರಲಿಲ್ಲ. ವಿಚಾರಿಸುವ ದಾರಿಯೂ ಇರಲಿಲ್ಲ.

ಕಾಪುವಿನ ದೀಪಸ್ತಂಭ 1901ರಲ್ಲಿ ಕಟ್ಟಿದ್ದು. ಸಮುದ್ರದ ಅಂಚಿನ ಬಂಡೆಯ ಮೇಲೆ ನಿಂತಿದೆ. ಅದರ ಸುತ್ತಮುತ್ತಲಿನ ಬಂಡೆಗಳೇ ಗಾಳ ಹಾಕುವವರ ಜಾಗ. ಕಲ್ಲಿನ ಸಂದುಗಳಲ್ಲಿ ಮುರು ಮೀನು ಅಡಗಿರುತ್ತದೆ. ನೀರು ಏರುವ ಹೊತ್ತಿಗೆ ಕೆಂಬೇರಿಯೂ ಹತ್ತಿರ ಬರುತ್ತದೆ. ಮಾವನದು ಕೈಗಾಳ. ಮರದ ತುಂಡಿಗೆ ಸುತ್ತಿದ ತಂಗೂಸಿ, ತುದಿಗೆ ಸೀಸದ ಗುಂಡು, ಗಾಳಕ್ಕೆ ಸಿಗಡಿಯ ತುಂಡು. ತಲೆಯ ಮೇಲೆ ಎರಡು ಸುತ್ತು ಬೀಸಿ ಬಿಟ್ಟರೆ ಅಷ್ಟು ದೂರಕ್ಕೆ ಹೋಗಿ 'ಗುಳುಂ' ಎನ್ನುತ್ತಿತ್ತು.

ಅಂಥ ರಾತ್ರಿಯನ್ನು ನಾನು ಮತ್ತೆ ಕಂಡಿಲ್ಲ. ಚಂದ್ರ ಇನ್ನೂ ಮೂಡಿರಲಿಲ್ಲ. ದೀಪಸ್ತಂಭದ ಬೆಳಕು ನೀರಿನ ಮೇಲೆ ಬಂದು ಹೋಗುತ್ತಿತ್ತು. ಎಂಟೂವರೆಗೆ ಮೊದಲ ಮುರು, ಅದರ ಬೆನ್ನಿಗೇ ಇನ್ನೊಂದು. ಆಮೇಲೆ ಮಾವನ ದಾರ ಕೈ ಕೊಯ್ಯುವಂತೆ ಓಡಿತು. ಅರ್ಧ ಮೊಳದ ಕೆಂಬೇರಿ! ತಮ್ಮ ಟಾರ್ಚ್ ಹಿಡಿದು ಕುಣಿಯತೊಡಗಿದ. ಹತ್ತರ ಹೊತ್ತಿಗೆ ಗೋಣಿಚೀಲ ಒಬ್ಬನೇ ಎತ್ತಲಾರದಷ್ಟು ಭಾರವಾಗಿತ್ತು. ಮಾವ, "ಇನ್ನೊಂದು ಗಂಟೆ ಕೂತರೆ ಸಾಕು, ಈ ವರ್ಷದ್ದೆಲ್ಲ ಇವತ್ತೇ" ಎಂದರು.

ನನಗೆ ಆತುರ. ಹೊಸ ಸಿಗಡಿ ಸಿಕ್ಕಿಸಿ ಜೋರಾಗಿ ಬೀಸಿದೆ. ಹಿಂದೆ ನೋಡಲಿಲ್ಲ. ದಾರ ಎಲ್ಲಿಯೋ ತಡೆದಂತಾಯಿತು. ಕಲ್ಲಿಗೆ ಸಿಕ್ಕಿರಬೇಕೆಂದು ಒಮ್ಮೆ ಜಗ್ಗಿದೆ. ಆಗ ಕೇಳಿಸಿತು, "ಅಣ್ಣಾ..."

ಟಾರ್ಚ್ ಬಂಡೆಯ ಮೇಲೆ ಬಿದ್ದಿತ್ತು. ಮಾವ ಎತ್ತಿ ಬೆಳಕು ಬಿಟ್ಟರು. ತಮ್ಮನ ಎಡಗಣ್ಣಿನ ಕೆಳಗೆ, ಒಂದು ಬೆರಳಿನಷ್ಟು ದೂರದಲ್ಲಿ ಗಾಳ ಹೂತುಹೋಗಿತ್ತು. ನಾನು ಕೈ ಚಾಚಿದೆ. "ಎಳೆಯಬೇಡ ಮಾರಾಯ, ಕೈ ತೆಗೆ!" ಎಂದು ಮಾವ ಗದರಿದರು. ಮೊದಲು ಚಾಕುವಿನಿಂದ ದಾರ ಕತ್ತರಿಸಿದರು. ತಮ್ಮನ ಎರಡೂ ಕೈಗಳನ್ನು ತನ್ನ ಒಂದು ಕೈಯಲ್ಲಿ ಹಿಡಿದುಕೊಂಡು, "ಮುಟ್ಟಬೇಡ ಮಗಾ, ಏನೂ ಆಗುವುದಿಲ್ಲ" ಎನ್ನುತ್ತ ಮೆಲ್ಲಗೆ ಬಂಡೆ ಇಳಿಸಿದರು. ಚೀಲ ಅಲ್ಲೇ ಉಳಿಯಿತು.

ಪರಿಚಯದ ರಿಕ್ಷಾದವರನ್ನು ಎಬ್ಬಿಸಿ ಉಡುಪಿಯ ಮೂಲಕ ಮಣಿಪಾಲ ತಲುಪಿದಾಗ ಹನ್ನೊಂದೂವರೆ. ದಾರಿಯುದ್ದಕ್ಕೂ ತಮ್ಮ ಅಳಲಿಲ್ಲ. ಒಮ್ಮೆ ಮಾತ್ರ ಕೇಳಿದ, "ಅಮ್ಮನಿಗೆ ಗೊತ್ತಾಗ್ತದಾ?" ಮಾವ ತಿರುಗಿ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ.

ಆಸ್ಪತ್ರೆಯ ತರುಣ ವೈದ್ಯರು ಮೊದಲು ಕಣ್ಣು ಪರೀಕ್ಷಿಸಿದರು. ಕಣ್ಣಿಗೆ ಏನೂ ಆಗಿರಲಿಲ್ಲ. ಸುತ್ತ ಮರಗಟ್ಟುವ ಚುಚ್ಚುಮದ್ದು ಕೊಟ್ಟರು. ಎಳೆದು ತೆಗೆಯುತ್ತಾರೆ ಎಂದುಕೊಂಡರೆ, ಅವರು ಗಾಳವನ್ನು ಇನ್ನೂ ಮುಂದಕ್ಕೇ ತಳ್ಳಿದರು! ತುದಿ ಚರ್ಮದಿಂದ ಹೊರಗೆ ಇಣುಕಿತು. ಅದನ್ನು ಕತ್ತರಿಸಿ, ಉಳಿದ ಭಾಗವನ್ನು ಹಿಂದಕ್ಕೆ ಜಾರಿಸಿ ತೆಗೆದರು. ಗಾಯ ತೊಳೆದು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿದರು. ನನ್ನ ಬೆರಗು ಕಂಡು ವಿವರಿಸಿದರು: ಗಾಳದ ತುದಿಯ ಬಳಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳಿರುತ್ತದೆ. ಮೀನು ತಪ್ಪಿಸಿಕೊಳ್ಳದಿರಲಿ ಎಂದು ಮಾಡಿದ್ದು. ಆಳಕ್ಕೆ ಇಳಿದದ್ದನ್ನು ಬಂದ ದಾರಿಯಲ್ಲೇ ಎಳೆದರೆ ಅದು ಮಾಂಸವನ್ನು ಹರಿಯುತ್ತದೆ. "ನೀವು ಎಳೆಯದೆ ತಂದದ್ದು ಒಳ್ಳೆಯದಾಯಿತು" ಎಂದು ಮಾವನಿಗೆ ಹೇಳಿ, ತುಂಡುಗಳನ್ನು ಹತ್ತಿಯಲ್ಲಿ ಸುತ್ತಿ ನನ್ನ ಕೈಗಿಟ್ಟರು.

ಹೊರಗೆ ಒಂದು ಎಸ್‌ಟಿಡಿ ಬೂತ್ ತೆರೆದಿತ್ತು. ಮಾವ ಕಾರ್ಕಳದ ನಮ್ಮ ಪಕ್ಕದ ಮನೆಯ ನಂಬರ್ ತಿರುಗಿಸಿ ರಿಸೀವರ್ ನನಗೆ ಕೊಟ್ಟರು. "ನೀನೇ ಹೇಳು." ಅಮ್ಮ ಬರುವವರೆಗೆ ಬಾಯಿಗೆ ಎಷ್ಟೋ ಸುಳ್ಳುಗಳು ಬಂದವು: ಅವನೇ ಹಿಂಬಾಲಿಸಿ ಬಂದ, ಕತ್ತಲಲ್ಲಿ ಜಾರಿ ಬಿದ್ದ... ಕೊನೆಗೆ ಎಲ್ಲವನ್ನೂ ಇದ್ದಂತೆಯೇ ಹೇಳಿದೆ. ಮಾವನಿಗೆ ಸುಳ್ಳು ಹೇಳಿದ್ದನ್ನು ಕೂಡ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಅವನಿಗೆ ಕಣ್ಣು ಕಾಣ್ತದಲ್ಲ?" ಕಾಣ್ತದೆ ಎಂದೆ. ಫೋನ್ ಇಟ್ಟಳು.

ಬೆಳಿಗ್ಗೆ ಹಿರಿಯಡ್ಕ ದಾರಿಯ ಮೊದಲ ಬಸ್ಸಿಗೆ ಅಪ್ಪ ಅಮ್ಮ ಇಬ್ಬರೂ ಬಂದಿಳಿದರು. ಹೊಡೆಯುತ್ತಾರೆಂದು ಕಾದೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ಚಾ ಕುಡಿದಿಯಾ?" ಎಂದರು. ರಾತ್ರಿಯಿಂದ ತಡೆದಿದ್ದ ಅಳು ಆಗ ಬಂತು.

ಮರುದಿನ ಅಜ್ಜಿ ಆ ಮೀನನ್ನೇ ಪದಾರ್ಥ ಮಾಡಿದರು. ಯಾರೋ ಗಾಳದವರು ಚೀಲವನ್ನು ಮನೆಗೆ ತಲುಪಿಸಿದ್ದರಂತೆ. ತಮ್ಮ ಮೂರು ತುಂಡು ತಿಂದ. ನನಗೆ ಒಂದೂ ಇಳಿಯಲಿಲ್ಲ.

ಈಗ ನನ್ನ ಮಕ್ಕಳು ಕಾಪುವಿನ ಬಂಡೆಗೆ ಹೋಗುತ್ತಾರೆ. ನಾನು ಬೇಡ ಎನ್ನುವುದಿಲ್ಲ. ಗಾಳದ ಮುಳ್ಳನ್ನು ಮೊದಲೇ ಕಟಿಂಗ್ ಪ್ಲೇಯರಿನಿಂದ ಒತ್ತಿ ಚಪ್ಪಟೆ ಮಾಡಿಕೊಡುತ್ತೇನೆ. ಒಂದೆರಡು ಮೀನು ತಪ್ಪಿದರೆ ತಪ್ಪಲಿ. ಕಣ್ಣಿಗೆ ಕನ್ನಡಕ, ಬೀಸುವ ಮುಂಚೆ ಹಿಂದಕ್ಕೊಂದು ನೋಟ. ಚುಚ್ಚಿದರೆ ದಾರ ಕತ್ತರಿಸಿ ಆಸ್ಪತ್ರೆಗೆ. ಕಣ್ಣಿನ ಹತ್ತಿರವಾದರೆ ಮುಟ್ಟಲೇಬಾರದು. ಮತ್ತೆ ಇನ್ನೊಂದು ಮಾತು: ಏನೇ ಆಗಲಿ, ಮೊದಲ ಫೋನ್ ಮನೆಗೆ. ಬೈಗುಳ ಆಮೇಲೆ ನೋಡಿಕೊಳ್ಳೋಣ.