ಕಾವು ಮರೆತ ಹಕ್ಕಿ

ಮಂಗಳೂರಿನಲ್ಲಿ ಈ ಹಕ್ಕಿಯನ್ನು ಸಾಕಹೊರಟವರಿಗೆ ಮೊದಲ ತೊಡಕು ಗೂಡಿನದಲ್ಲ, ಹೆಸರಿನದು. ನಿಘಂಟು ತೆರೆದರೆ ಗೌಜುಗ, ಗೌಜಲಕ್ಕಿ, ಲಾವುಗೆ ಎಂದು ಹೆಸರುಗಳ ಸಾಲೇ ಸಿಗುತ್ತದೆ; ಕೋಳಿ ಅಂಗಡಿಯ ಮುಂದೆ ನಿಂತು ಅವುಗಳಲ್ಲಿ ಯಾವುದನ್ನು ಹೇಳಿದರೂ ಅಂಗಡಿಯವನು ಮುಖ ನೋಡುತ್ತಾನೆ. ಉರ್ದು ಮನೆಮಾತಿನವರಿಗೆ ಅದು ಬಟೇರ್. ಹೋಟೆಲಿನ ಮೆನುವಿನಲ್ಲಿ ಕ್ವೇಲ್ ಫ್ರೈ. ತಲಪಾಡಿ ದಾಟಿ ಮಂಜೇಶ್ವರ, ಉಪ್ಪಳ ಎಂದು ತೆಂಕಕ್ಕೆ ಹೋದರೆ ಮಲಯಾಳದ ಕಾಡ. ಗಡಿಯಾಚೆಯ ಆ ಹೆಸರೇ ನಗರದಲ್ಲಿ ಹೆಚ್ಚು ಸಲೀಸು.

ಸಾಕುವ ಆಸೆ ಹುಟ್ಟುವುದು ಎಂಥವರಿಗೆ? ಬ್ಯಾಂಕುಗಳ ತವರಾದ ಊರಿನಲ್ಲಿ ಉತ್ತರ ಸುಲಭ. ಮೂವತ್ತೈದು ವರ್ಷ ಲೆಡ್ಜರು ನೋಡಿ ನಿವೃತ್ತರಾದ, ಹಿತ್ತಿಲಿದ್ದ ಹಂಚಿನ ಮನೆ ಕೆಡವಿ ಟೆರೇಸಿನ ಮನೆ ಕಟ್ಟಿಕೊಂಡ, ಬೆಳಿಗ್ಗೆ ಪೇಪರು ಮುಗಿದ ಮೇಲೆ ಏನು ಮಾಡುವುದೆಂದು ತಿಳಿಯದ ಗೃಹಸ್ಥರೊಬ್ಬರನ್ನು ಊಹಿಸಿಕೊಳ್ಳಿ. ಹೆಸರು ಬೇಡ, ಬಿಜೈಯಿಂದ ಮರೋಳಿಯವರೆಗೆ ಬೀದಿಗೊಬ್ಬರು ಸಿಕ್ಕಾರು. ಏಪ್ರಿಲ್‌ನ ಒಂದು ಬೆಳಿಗ್ಗೆ ಅವರು ಕಾಫಿ ಕುಡಿಯುತ್ತ, ಟೆರೇಸಿನಲ್ಲಿ ಒಂದಿಪ್ಪತ್ತೈದು ಕಾಡ ಸಾಕುವ ಅಂತ ಉಂಟು ಎನ್ನುತ್ತಾರೆ. ಕಿವಿ ಸ್ವಲ್ಪ ಮಂದವಾದ ತಾಯಿ ಒಳಗಿನಿಂದಲೇ ಕೇಳುತ್ತಾರೆ:

“ಕಾಡುಕೋಳಿಯಾ? ಎಂತ ಮಾರಾಯ, ಈ ಪ್ರಾಯದಲ್ಲಿ ಫಾರೆಸ್ಟಿನವರು ಮನೆಗೆ ಬರುವುದು ಬೇಕಾ ನಿಂಗೆ?”

ಮುದುಕಿಯ ಕಿವಿ ತಪ್ಪಿತ್ತೇ ಹೊರತು ಬುದ್ಧಿಯಲ್ಲ. ಕಾಡುಕೋಳಿಯನ್ನಷ್ಟೇ ಅಲ್ಲ, ನಮ್ಮ ಹುಲ್ಲುಗಾವಲಿನ ಗೌಜುಗಗಳನ್ನು ಬಲೆ ಹಾಕಿ ಹಿಡಿಯುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಸಾಕಬಹುದಾದದ್ದು ಗೌಜುಗಗಳ ದಾಯಾದಿಯಾದ ಜಪಾನಿ ಕಾಡ, ಅದೂ ಫಾರಂನಲ್ಲಿ ಹುಟ್ಟಿದ್ದು. 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯವೇ ಈ ದಾಯಾದಿಗಳ ವಿಷಯದಲ್ಲಿ ಗೊಂದಲಕ್ಕೆ ಬಿದ್ದು, ಜಪಾನಿ ಕಾಡದ ಹೊಸ ಫಾರಂಗಳಿಗೂ ತಡೆ ಹಾಕಿತ್ತು. ಸಾಕಣೆದಾರರ ಗೋಳು ಕೇಳಿದ ಮೇಲೆ ಅದು ತೆರವಾಯಿತು.

ಜಪಾನಿನಲ್ಲಿ ಈ ಹಕ್ಕಿಯನ್ನು ಮೊದಲು ಗೂಡಿಗೆ ಹಾಕಿದ್ದು ತಿನ್ನಲಿಕ್ಕಲ್ಲ, ಕೇಳಲಿಕ್ಕೆ. ಗಂಡಿನ ಕೂಗು ಚೆಂದವೆಂದು ಅಲ್ಲಿನ ಯೋಧರು, ಸಿರಿವಂತರು ಅದನ್ನು ಸಾಕುತ್ತಿದ್ದರು. ಮೊಟ್ಟೆಯ ಮೇಲೆ ಕಣ್ಣು ಬಿದ್ದದ್ದು 20ನೇ ಶತಮಾನದಲ್ಲಿ. ಎರಡನೇ ಮಹಾಯುದ್ಧ ಮುಗಿಯುವಾಗ ಸಾಕಿದ ತಳಿಗಳೆಲ್ಲ ಅಳಿದುಹೋಗುವ ಸ್ಥಿತಿಗೆ ಬಂದಿದ್ದವು; ಉಳಿದ ಕೆಲವೇ ಹಕ್ಕಿಗಳಿಂದ ಮತ್ತೆ ವಂಶ ಬೆಳೆಸಬೇಕಾಯಿತು. ಭಾರತಕ್ಕೆ ಅದು ಬಂದದ್ದು 1974ರಲ್ಲಿ, ಕ್ಯಾಲಿಫೋರ್ನಿಯಾದಿಂದ ಬರೇಲಿಯ ಪಕ್ಕದ ಇಜ್ಜತ್‌ನಗರಕ್ಕೆ. ಅಲ್ಲಿನ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಕ್ಯಾರಿ ಉತ್ತಮ್, ಕ್ಯಾರಿ ಉಜ್ವಲ್, ಕ್ಯಾರಿ ಶ್ವೇತಾ ಎಂಬ ತಳಿಗಳನ್ನು ಬೆಳೆಸಿತು. ತಮಿಳುನಾಡಿನ ನಾಮಕ್ಕಲ್ ತನ್ನ ಹೆಸರಿನದೇ ತಳಿಯನ್ನು ಕೊಟ್ಟಿತು.

ಹಾಗೆಂದು ಕನ್ನಡ ನಾಡಿಗೆ ಈ ಕುಲ ಅಪರಿಚಿತವಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ ಅರಮನೆಯ ವಿನೋದಗಳನ್ನು ಹೇಳುವಾಗ ಕೋಳಿ ಕಾಳಗದ ಜೊತೆ ಲಾವಕ್ಕಿ ಕಾಳಗವನ್ನೂ ಹೇಳುತ್ತದೆ. ತುಳುನಾಡಿನಲ್ಲಿ ಮಾತ್ರ ಗದ್ದೆಗಿಳಿದದ್ದು ಕೋಳಿಯೇ. ಅಂಕಕ್ಕೆ ಅದು, ಭೂತಕ್ಕೆ ಅದು, ನೆಂಟರು ಬಂದರೆ ರೊಟ್ಟಿಗೂ ಅದು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಹಿತ್ತಿಲಿಡೀ ಕೆದಕಿ, ಸಂಜೆ ತಾನಾಗಿ ಬಂದು ಸೇರುವ ಮನೆಯ ಮಂದಿ ಅದು. ಹೇಂಟೆ ಕಾವಿಗೆ ಕೂತರೆ ಮನೆಯವರ ಕೆಲಸ ಮುಗಿಯಿತು. 21 ದಿನ ಕಳೆದ ಮೇಲೆ ಮರಿಗಳನ್ನು ಕಟ್ಟಿಕೊಂಡು ಅದೇ ಅಂಗಳಕ್ಕೆ ಬರುತ್ತದೆ.

ನಮ್ಮ ಗೃಹಸ್ಥರ ತಲೆಯಲ್ಲಿದ್ದದ್ದು ಈ ಲೆಕ್ಕವೇ: ಕೋಳಿಗೆ ಇಷ್ಟು ಕೆಲಸವಾದರೆ ಅದರ ಹತ್ತರಲ್ಲೊಂದು ಪಾಲಿನ ಹಕ್ಕಿಗೆ ಎಷ್ಟು? ಕಾಗದದ ಮೇಲೆ ಎಲ್ಲವೂ ಚೆಂದ. ಆರೇಳು ವಾರಕ್ಕೆ ಮೊಟ್ಟೆ ಶುರು. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ ಹೆಣ್ಣೊಂದಕ್ಕೆ 250ರ ಮೇಲೆ. ಬೆಳೆದ ಹಕ್ಕಿಗೆ ದಿನಕ್ಕೆ 25-30 ಗ್ರಾಂ ಆಹಾರ ಸಾಕು. ಒಂದು ಚದರಡಿಯಲ್ಲಿ ಐದು ಹಕ್ಕಿ ಹಿಡಿಸುತ್ತವೆ. ಇಷ್ಟು ಒಳ್ಳೆಯ ಠೇವಣಿ ಯೋಜನೆ ಅವರ ಬ್ಯಾಂಕಿನಲ್ಲೂ ಇರಲಿಲ್ಲ.

ಮರಿಗಳು ಬರುವುದು ರಟ್ಟಿನ ಪೆಟ್ಟಿಗೆಯಲ್ಲಿ. ಮುಚ್ಚಳ ತೆಗೆದಾಗ ಮನೆಯವರೆಲ್ಲ ಒಮ್ಮೆ ಉಸಿರು ಹಿಡಿಯುತ್ತಾರೆ: ಹೆಬ್ಬೆರಳಿನ ಗಾತ್ರ, ಏಳೆಂಟು ಗ್ರಾಂ ತೂಕ, ಮೈಮೇಲೆ ಕಂದು-ಹಳದಿ ಪಟ್ಟೆ. ಕೆಲಸ ಶುರುವಾಗುವುದು ಆ ಗಳಿಗೆಯಿಂದ. ಈ ಮರಿಗಳಿಗೆ ರೆಕ್ಕೆಯಡಿ ಕರೆದುಕೊಳ್ಳುವ ತಾಯಿಯಿಲ್ಲ. ಮೊದಲ ವಾರ ಬಲ್ಬಿನ ಕೆಳಗೆ 35ರಿಂದ 37 ಡಿಗ್ರಿ ಬಿಸಿ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಥರ್ಮಾಮೀಟರಿಗಿಂತ ಮರಿಗಳನ್ನು ನೋಡುವುದೇ ಒಳ್ಳೆಯದು. ಬಲ್ಬಿನಡಿ ಒಂದರ ಮೇಲೊಂದು ಹತ್ತಿ ಗುಂಪಾದರೆ ಚಳಿ, ಮೂಲೆ ಸೇರಿ ಬಾಯ್ತೆರೆದು ಏದುಸಿರು ಬಿಟ್ಟರೆ ಸೆಕೆ, ಅಲ್ಲಲ್ಲಿ ಹರಡಿ ನಿದ್ದೆ ಹೋದರೆ ಸರಿ.

ಮೊದಲ ಸಾವು ಸಾಮಾನ್ಯವಾಗಿ ನೀರಿನಲ್ಲಿ. ಕೋಳಿಮರಿಗೆ ಕುಡಿಯುವ ತಟ್ಟೆಯಾದದ್ದು ಕಾಡದ ಮರಿಗೆ ಕೆರೆ. ಅರ್ಧ ಇಂಚು ನೀರಿದ್ದರೂ ಜಾರಿ ಬಿದ್ದದ್ದು ಏಳುವುದಿಲ್ಲ. ಬಲ್ಲವರು ತಟ್ಟೆ ತುಂಬ ಗೋಲಿ ಹರಡಿ, ಅವುಗಳ ಸಂದಿನಿಂದ ಕುಡಿಯಲು ಬಿಡುತ್ತಾರೆ. ನೆಲಕ್ಕೆ ನುಣುಪಾದ ನ್ಯೂಸ್‌ಪೇಪರ್ ಹಾಸಿದರೆ ಕಾಲು ಜಾರಿ ಕವಲೊಡೆಯುತ್ತದೆ. ಹಾಗಾಗಿ ಮೊದಲ ದಿನಗಳಿಗೆ ಒರಟು ಬಟ್ಟೆ, ಆಮೇಲೆ ಉಮಿ. ಇದನ್ನೆಲ್ಲ ತಿಳಿಯದೆ ಹೊರಟವರು ಎರಡು ವಾರದೊಳಗೆ ಲೆಡ್ಜರಿನಲ್ಲಿ ನಾಲ್ಕೈದು ಗೀಟು ಎಳೆದಿರುತ್ತಾರೆ. ತಿಳಿದು ಹೊರಡಬೇಕೆಂದರೆ ಹತ್ತಿರದಲ್ಲೇ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರವಿದೆ. ದೂರ ಹೋಗುವವರಿಗೆ ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಸಾಕಣೆ ತರಬೇತಿ ಸಂಸ್ಥೆಯಿದೆ.

ಮೇ ತಿಂಗಳಲ್ಲಿ ಗುಡುಗು ಬರುತ್ತದೆ, ಕರೆಂಟು ಹೋಗುತ್ತದೆ. ಆ ರಾತ್ರಿ ಗೃಹಸ್ಥರು ಬಾಟಲಿಗೆ ಬಿಸಿನೀರು ತುಂಬಿ, ಹಳೇ ಬನಿಯನ್ ಸುತ್ತಿ, ಮರಿಗಳ ನಡುವೆ ಇಟ್ಟು, ಗಂಟೆಗೊಮ್ಮೆ ಎದ್ದು ನೀರು ಬದಲಿಸುತ್ತಾರೆ. ಮಕ್ಕಳು ಸಣ್ಣವರಿದ್ದಾಗ ಹೀಗೆ ಎದ್ದ ನೆನಪು ತಮಗಿಲ್ಲವೆಂದು ಹೆಂಡತಿ ಕತ್ತಲಲ್ಲೇ ಹೇಳುತ್ತಾರೆ.

ಜೂನ್ ಬಂದ ಮೇಲೆ ಚಳಿಗಿಂತ ತೇವ ದೊಡ್ಡ ಶತ್ರು. ಹಿಟ್ಟಿನ ಚೀಲದ ಬಾಯಿ ಕಟ್ಟಲು ಮರೆತರೆ ವಾರದೊಳಗೆ ಬೂಷ್ಟು. ಕೋಳಿ ಕೆದಕಿ ಬೇಕಾದ್ದನ್ನು ಆರಿಸಿಕೊಂಡೀತು. ಗೂಡಿನ ಹಕ್ಕಿಗೆ ಕೊಟ್ಟದ್ದೇ ಗತಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಮರಿಗಳು ಸಾಲುಸಾಲಾಗಿ ಸತ್ತಾಗ ಯಾವ ರೋಗವೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಸಿಕ್ಕಿಬಿದ್ದದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ. ಅದರ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟದ್ದು ಆಮೇಲೆ. ಕಾಡದ ಮರಿಗೆ ನೂರಕ್ಕೆ 24ರಿಂದ 27 ಪಾಲು ಪ್ರೋಟೀನ್ ಬೇಕು, ಕೋಳಿಮರಿಗಿಂತ ಹೆಚ್ಚು. ಅಷ್ಟು ಕಟ್ಟುಮಸ್ತಾದ ಹಿಟ್ಟಿಗೆ ಮೀನಿನ ಹುಡಿಯೂ ಬೀಳುತ್ತದೆ. ಉಳ್ಳಾಲದ ಕಾರ್ಖಾನೆಗಳಲ್ಲಿ ಹುಡಿಯಾದ ಬೂತಾಯಿ ಹೀಗೂ ಮಂಗಳೂರಿನ ಟೆರೇಸು ಹತ್ತೀತು. ಬೂಷ್ಟಿನ ಜೊತೆಗೆ ಹೆಗ್ಗಣ, ಕೇರೆ ಹಾವು, ಪುನುಗು ಬೆಕ್ಕು. ಅರ್ಧ ಇಂಚಿನ ಜಾಲರಿಯೇ ಬೇಕು.

ಬೆಳಕಿನ ವಿಷಯದಲ್ಲಿ ಊರಿನ ಸೂರ್ಯನೂ ಸಾಲದು. ಹೆಣ್ಣು ತಪ್ಪದೆ ಮೊಟ್ಟೆಯಿಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಕೇಳುತ್ತದೆ. ಮಂಗಳೂರಿನ ಅತಿ ಉದ್ದದ ಹಗಲು 13 ಗಂಟೆಯನ್ನು ಮುಟ್ಟುವುದಿಲ್ಲ, ಆಟಿಯ ಮೋಡ ಕವಿದರೆ ಹಗಲೂ ಸಂಜೆಯಂತೆ. ಆದ್ದರಿಂದ ಮನೆಯ ಟಿವಿ ಆರಿದ ಮೇಲೂ ಟೆರೇಸಿನಲ್ಲಿ ಒಂದು ಬಲ್ಬು.

ಆ ಬಲ್ಬಿನ ಪುಣ್ಯದಿಂದ ರಾತ್ರಿ ಕೂಗೂ ಕೇಳುತ್ತದೆ. ಮೂರು ವಾರ ತುಂಬಿದಾಗ ಎದೆಗರಿಯಲ್ಲಿ ಗುರುತು ಸಿಗುತ್ತದೆ: ಗಂಡಿನದು ಇಟ್ಟಿಗೆಯ ಕೆಂಪು, ಹೆಣ್ಣಿನದು ಮಾಸಲು ಬಣ್ಣದ ಮೇಲೆ ಕಪ್ಪು ಚುಕ್ಕಿ. ಮೂರು ಹೆಣ್ಣಿಗೊಂದು ಗಂಡು ಸಾಕು; ಮಿಕ್ಕವು ಒಂದರ ತಲೆ ಇನ್ನೊಂದು ಕುಕ್ಕುತ್ತ, ಮೂರು ತುಂಡಾಗಿ ಗಂಟಲು ಕೆರೆದಂತೆ ಕೂಗುತ್ತ ಕಾಲ ಕಳೆಯುತ್ತವೆ. ಬ್ಯಾಂಕಿನ ಭಾಷೆಯಲ್ಲಿ ವಸೂಲಾಗದ ಸಾಲ. ಜಪಾನಿನ ಯೋಧ ತಲೆದೂಗಿದ ಆ ರಾಗಕ್ಕೆ ಪಕ್ಕದ ಮನೆಯವರು ಕಂಪೌಂಡಿನಾಚೆಯಿಂದ, “ಎಂತ ಮಾರಾಯ್ರೆ, ರಾತ್ರಿ ನಿಮ್ಮಲ್ಲಿ ಎಂತದೋ ಗರಗಸ ಎಳೀತದಲ್ಲ?” ಎನ್ನುತ್ತಾರೆ. ವಸೂಲಿಯ ದಾರಿ ಒಂದೇ, ಬಾಣಲೆ. ಆ ದಿನ ಮೊಮ್ಮಗಳು ಊಟಕ್ಕೆ ಕೂರುವುದಿಲ್ಲ. ಅವಳು ನಾಲ್ಕಕ್ಕೆ ಹೆಸರಿಟ್ಟಿದ್ದಳು.

ಗೂಡಿನ ಬಾಗಿಲು ತೆರೆದಿಡುವಂತಿಲ್ಲ. ಹೆದರಿದ ಕಾಡ ಓಡುವುದಿಲ್ಲ, ನೆಟ್ಟಗೆ ಮೇಲಕ್ಕೆ ಹಾರುತ್ತದೆ; ಗೂಡಿನ ಮಾಡು ಗಟ್ಟಿಯಾಗಿದ್ದರೆ ತಲೆ ಒಡೆದುಕೊಳ್ಳುತ್ತದೆ. ಅದಕ್ಕೆ ಮೇಲೆ ಮೆತ್ತಗಿನ ಬಲೆ ಕಟ್ಟುತ್ತಾರೆ. ತಪ್ಪಿಸಿಕೊಂಡರೆ ಮತ್ತೆ ಬರುವುದಿಲ್ಲ. ಬಾ ಬಾ ಎಂದು ಅಕ್ಕಿ ಚೆಲ್ಲಿದರೆ ಕೋಳಿ ಓಡಿ ಬಂದೀತು. ಈ ಹಕ್ಕಿಗೆ ಸಂಜೆಯಾದರೆ ಮನೆ ಸೇರಬೇಕೆಂಬುದಿಲ್ಲ.

ಮೊದಲ ಮೊಟ್ಟೆ ಸಿಕ್ಕುವುದು ಇಳಿಹೊತ್ತಿನಲ್ಲಿ. ಕೋಳಿಗೆ ಬೆಳಿಗ್ಗೆಯಾದರೆ ಇದಕ್ಕೆ ಚಹಾದ ಹೊತ್ತು. ಹತ್ತು ಗ್ರಾಂ ತೂಕ, ಮೇಲೆ ಶಾಯಿ ಚೆಲ್ಲಿದಂಥ ಕಲೆ. ಕೆಲವೇ ದಿನಗಳಲ್ಲಿ ಗೃಹಸ್ಥರ ಹಳೆಯ ಕಸುಬು ಕೆಲಸಕ್ಕೆ ಬರುತ್ತದೆ, ಏಕೆಂದರೆ ಒಂದೊಂದು ಹೆಣ್ಣಿನ ಕಲೆಯ ಚಿತ್ತಾರ ಒಂದೊಂದು ಬಗೆ, ದಿನವೂ ಹೆಚ್ಚುಕಡಿಮೆ ಅದೇ. ಚೆಕ್ಕಿನ ಸಹಿ ತಾಳೆ ನೋಡಿದಂತೆ ಮೊಟ್ಟೆ ನೋಡಿ ಹಕ್ಕಿ ಹೇಳುತ್ತಾರೆ. ಸ್ಕಾಟ್ಲೆಂಡಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೆಣ್ಣು ತನ್ನ ಮೊಟ್ಟೆಯ ಬಣ್ಣ ಮರೆಯಾಗುವ ನೆಲವನ್ನೇ ಆರಿಸಿ ಇಡುತ್ತದೆ. ಅಡಗಿಸಿಡುವ ಬುದ್ಧಿ ಉಳಿದಿದೆ. ಕಾವು ಕೂರುವ ಬುದ್ಧಿ ಮಾತ್ರ ತಲೆಮಾರುಗಳ ಗೂಡುವಾಸದಲ್ಲಿ ಬಹುಪಾಲು ಕಳೆದುಹೋಗಿದೆ. ಇಟ್ಟು ಎದ್ದುಹೋಗುತ್ತದೆ, ತಿರುಗಿ ನೋಡುವುದಿಲ್ಲ.

ಈ ಪುಟ್ಟ ಮೊಟ್ಟೆಯ ಮಹಿಮೆಗೆ ಮಲಯಾಳದಲ್ಲಿ ಗಾದೆಯೇ ಇದೆ: ಸಾವಿರ ಕೋಳಿಗೆ ಅರ್ಧ ಕಾಡ. ಅದನ್ನು ನಂಬಿ ಬಂದವರು ರಕ್ತದೊತ್ತಡ, ಉಬ್ಬಸ ಎಲ್ಲಕ್ಕೂ ಮೊಟ್ಟೆ ಕೇಳುತ್ತಾರೆ, ಇದರಲ್ಲಿ ಕೊಲೆಸ್ಟರಾಲೇ ಇಲ್ಲವಂತೆ ಹೌದಾ ಎನ್ನುತ್ತಾರೆ. ಲೆಕ್ಕ ಬೇರೆ ಹೇಳುತ್ತದೆ. ಐದು ಕಾಡದ ಮೊಟ್ಟೆ ಸೇರಿದರೆ ಒಂದು ಕೋಳಿಮೊಟ್ಟೆಯ ತೂಕ. ಅಷ್ಟೇ ತೂಕದಲ್ಲಿ ಕಬ್ಬಿಣ, ಬಿ12 ಹೆಚ್ಚಿವೆ ನಿಜ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ನೋಡಿದರೆ ಕೊಲೆಸ್ಟರಾಲೂ ಕೋಳಿಮೊಟ್ಟೆಯದ್ದಕ್ಕಿಂತ ಸುಮಾರು ಎರಡು ಪಟ್ಟು.

ಜುಲೈಯಲ್ಲಿ ಗೃಹಸ್ಥರಿಗೆ ಮರಿ ಮಾಡಿಸುವ ಹುಕಿ. ಧಕ್ಕೆಯಲ್ಲಿ ಸಿಕ್ಕಿದ ಮೀನಿನ ಥರ್ಮೋಕೋಲ್ ಪೆಟ್ಟಿಗೆ ತೊಳೆದು, ಬಲ್ಬು, ಸಣ್ಣ ಫ್ಯಾನು, ಥರ್ಮೋಸ್ಟಾಟ್ ಜೋಡಿಸುತ್ತಾರೆ. 37.5 ಡಿಗ್ರಿ ಬಿಸಿ, ಒಂದು ಲೋಟ ನೀರು. ಹೊರಗೆ ಗೋಡೆಯೇ ಬೆವರುವ ಮಳೆಗಾಲದಲ್ಲಿ ನೀರೇಕೆ ಎಂದು ಹೆಂಡತಿ ಕೇಳಿದರೆ ಅದಕ್ಕೂ ಉತ್ತರವುಂಟು: ಅದೇ ಗಾಳಿ ಪೆಟ್ಟಿಗೆಯೊಳಗೆ ಬಿಸಿಯಾದಾಗ ತೇವದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೊಟ್ಟೆಗಳನ್ನು 14ನೇ ದಿನದವರೆಗೆ ದಿನಕ್ಕೆ ಮೂರು ನಾಲ್ಕು ಸಲ ಮಗ್ಗುಲು ತಿರುಗಿಸಬೇಕು. ಹಕ್ಕಿ ಬಿಟ್ಟುಕೊಟ್ಟ ಕೆಲಸವೆಲ್ಲ ಮನುಷ್ಯನ ಪಾಲಿಗೆ. 1990ರ ಮಾರ್ಚ್‌ನಲ್ಲಿ ಸೋವಿಯತ್ ಒಕ್ಕೂಟದ ಮೀರ್ ನಿಲ್ದಾಣದಲ್ಲಿ ಇದೇ ಹಕ್ಕಿಯ ಮೊಟ್ಟೆಗಳು ಒಡೆದು, ಬಾಹ್ಯಾಕಾಶದಲ್ಲಿ ಹುಟ್ಟಿದ ಮೊದಲ ಹಕ್ಕಿಮರಿಗಳು ಹೊರಬಂದವು. ಯಂತ್ರ ಕಾವು ಕೊಟ್ಟಿತ್ತು. ಆದರೆ ತೂಕವಿಲ್ಲದ ಆ ಲೋಕದಲ್ಲಿ ಮರಿಗಳಿಗೆ ಕಾಲೂರಿ ಕಾಳು ಹೆಕ್ಕಲಾಗಲಿಲ್ಲ, ಬದುಕಲಿಲ್ಲ.

ಹದಿನೇಳನೇ ರಾತ್ರಿ ಪೆಟ್ಟಿಗೆಯ ಹತ್ತಿರ ಕಿವಿಯಿಟ್ಟರೆ ಟಿಕ್ ಟಿಕ್ ಎಂಬ ಸದ್ದು. 1960ರ ದಶಕದಲ್ಲಿ ಇಂಗ್ಲೆಂಡಿನ ಮಾರ್ಗರೆಟ್ ವಿನ್ಸ್ ಈ ಸದ್ದಿನ ಬೆನ್ನು ಹತ್ತಿದ್ದರು. ಅಕ್ಕಪಕ್ಕದ ಮೊಟ್ಟೆಯೊಳಗಿನ ಮರಿಗಳು ಒಂದರ ಟಿಕ್ ಒಂದು ಕೇಳಿ, ಹಿಂದುಳಿದದ್ದು ಅವಸರ ಮಾಡಿ, ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೆ ಒಡೆದು ಬರುತ್ತವೆ ಎಂದು ಅವರ ಪ್ರಯೋಗಗಳು ತೋರಿಸಿದವು.

ಮೊಮ್ಮಗಳಿಗೆ ಕೇಳಿಸಿತು. ಗೃಹಸ್ಥರಿಗೂ ಕೇಳಿಸಿತು. ಮುದುಕಿ ಗೋಡೆ ಹಿಡಿದು ಬಂದು, ಬಗ್ಗಿ, ಬಹಳ ಹೊತ್ತು ಕಿವಿಯಿಟ್ಟರು.

“ಗಡಿಯಾರ ಇಟ್ಟಿದ್ದೀಯಾ ಒಳಗೆ?”

“ಅಲ್ಲಮ್ಮ, ಮರಿಗಳು.”

ಅಷ್ಟರಲ್ಲಿ ಕರೆಂಟು ಹೋಯಿತು. ಮಗ ಟಾರ್ಚ್ ಹುಡುಕಲು ಎದ್ದರು, ಸೊಸೆ ನೀರು ಕಾಯಿಸಲು ಒಳಗೆ ಓಡಿದರು. ಟಾರ್ಚು ಹೊತ್ತಿದಾಗ ಮುದುಕಿ ಹೊದ್ದಿದ್ದ ಶಾಲು ಪೆಟ್ಟಿಗೆಯ ಮೇಲಿತ್ತು, ಅದರ ಮೇಲೆ ಎರಡೂ ಕೈ ಊರಿಕೊಂಡು ಅವರು ನೆಲದಲ್ಲೇ ಕೂತಿದ್ದರು.